ಸುದ್ದಿ ಬರೆಯುವ ಕೈ, ಜಾಹೀರಾತು ಕೇಳುವ ಕೈ

ಪ್ರತಿ ವರ್ಷ ದಸರೆ ಮುಗಿಯುತ್ತಿದ್ದಂತೆ ನಮ್ಮ ಕಡೆಯ ತಾಲ್ಲೂಕು ವರದಿಗಾರರ ಮೊಬೈಲಿಗೆ ಒಂದು ಪಟ್ಟಿ ಬರುತ್ತದೆ. ರಾಜ್ಯೋತ್ಸವದ ಪುರವಣಿಗೆ ಯಾವ ತಾಲ್ಲೂಕಿನಿಂದ ಎಷ್ಟು ರೂಪಾಯಿಯ ಜಾಹೀರಾತು ಬರಬೇಕು ಎಂಬ ಲೆಕ್ಕ ಅದರಲ್ಲಿರುತ್ತದೆ. ಅದೇ ದಿನಗಳಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಏಳುತ್ತದೆ, ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು ರಸ್ತೆಗಿಳಿಯುತ್ತವೆ, ದರದ ಜಗಳ ಶುರುವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ತಾಲ್ಲೂಕು ವರದಿಗಾರನಿಗೆ ವರ್ಷದ ದೊಡ್ಡ ಸುದ್ದಿ, ವರ್ಷದ ದೊಡ್ಡ ಜಾಹೀರಾತು ಎರಡೂ ಒಂದೇ ಗೇಟಿನೊಳಗೆ ಇರುತ್ತವೆ. ಬೆಳಿಗ್ಗೆ ಗೇಟಿನ ಹೊರಗೆ ರೈತರ ಜೊತೆ ನಿಂತು ಫೋಟೊ ತೆಗೆದವನೇ ಮಧ್ಯಾಹ್ನ ಒಳಗೆ ಹೋಗಿ ಅಕೌಂಟ್ಸ್ ವಿಭಾಗದವರ ಮುಂದೆ ಜಾಹೀರಾತಿನ ರಿಲೀಸ್ ಆರ್ಡರ್‌ಗಾಗಿ ಕುಳಿತುಕೊಳ್ಳಬೇಕು.

ಈ ಕೆಲಸದಲ್ಲಿ ನನಗೆ 27 ವರ್ಷವಾಯಿತು. ಜಮಖಂಡಿಯಲ್ಲಿ ಅರೆಕಾಲಿಕ ವರದಿಗಾರನಾಗಿ ಶುರು ಮಾಡಿ, ಬಾಗಲಕೋಟೆ, ವಿಜಯಪುರ ಸುತ್ತಿ, ಈಗ ಬೆಳಗಾವಿಯಲ್ಲಿದ್ದೇನೆ. ಪತ್ರಿಕಾ ನೀತಿಯ ಬಗ್ಗೆ ಜುಲೈ 1ರ ಪತ್ರಿಕಾ ದಿನಾಚರಣೆಗಳಲ್ಲಿ ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಬಹುಪಾಲು ಭಾಷಣಗಳಲ್ಲಿ ನೀತಿ ಎಂದರೆ ವರದಿಗಾರನ ಗುಣ. ಒಳ್ಳೆಯವನಾದರೆ ದುಡ್ಡಿನ ಕವರ್ ಮುಟ್ಟುವುದಿಲ್ಲ, ಕೆಟ್ಟವನಾದರೆ ಮುಟ್ಟುತ್ತಾನೆ, ಅಷ್ಟೇ. ನಾನು ನೋಡಿದ್ದು ಬೇರೆ. ಗುಣವಂತರೇ ಬಗ್ಗಿದ್ದನ್ನು ನೋಡಿದ್ದೇನೆ. ಸಾಮಾನ್ಯ ಹುಡುಗರು ಬೆನ್ನ ಹಿಂದೆ ಗಟ್ಟಿ ಸಂಪಾದಕರಿದ್ದುದರಿಂದ ನೆಟ್ಟಗೆ ನಿಂತದ್ದನ್ನೂ ನೋಡಿದ್ದೇನೆ. ವರದಿಗಾರನಿಗೆ ದುಡ್ಡು ಯಾರು ಕೊಡುತ್ತಾರೆ, ತಪ್ಪಾದಾಗ ಅಥವಾ ಪೆಟ್ಟು ಬಿದ್ದಾಗ ಅವನ ಪಕ್ಕ ಯಾರು ನಿಲ್ಲುತ್ತಾರೆ ಎಂಬುದರ ಮೇಲೆ ಜಿಲ್ಲಾ ಪತ್ರಿಕೋದ್ಯಮದ ಪ್ರಾಮಾಣಿಕತೆ ನಿಂತಿದೆ ಎಂಬುದು ನನ್ನ ಅನುಭವ.

ಕಬ್ಬಿನ ಸುದ್ದಿಯನ್ನೇ ತೆಗೆದುಕೊಳ್ಳೋಣ. ನೀತಿ ಎಂಬುದು ಎಷ್ಟು ಸಣ್ಣ ಸಣ್ಣ ಜಾಗಗಳಲ್ಲಿ ಕೂತಿರುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲೂ ರಾತ್ರಿ ಕೂತರು. ಬೇಡಿಕೆ ಟನ್‌ಗೆ 3,500 ರೂಪಾಯಿ. ಅದೇ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ, ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355, ಅಂದರೆ ಟನ್‌ಗೆ 3,550. ಎಫ್‌ಆರ್‌ಪಿಯೇ ಹೆಚ್ಚಿರುವಾಗ ಅದಕ್ಕಿಂತ ಕಡಿಮೆ ದರಕ್ಕೆ ಇವರು ಯಾಕೆ ರಸ್ತೆ ತಡೆಯುತ್ತಾರೆ ಎಂದು ಬೆಂಗಳೂರಿನಿಂದ ಒಬ್ಬ ಗೆಳೆಯ ಫೋನ್ ಮಾಡಿ ಕೇಳಿದ. ಅವನು ಓದಿದ್ದ ವರದಿಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಎಫ್‌ಆರ್‌ಪಿ ಎಂಬುದು ಕಾರ್ಖಾನೆ ಬಾಗಿಲಿಗೆ ಕಬ್ಬು ಮುಟ್ಟಿದ ಮೇಲಿನ ದರ. ಅದರಲ್ಲಿ ಕಟಾವು, ಸಾಗಾಣಿಕೆಯ ಖರ್ಚು ಮುರಿದುಕೊಂಡ ಮೇಲೆ ರೈತನ ಖಾತೆಗೆ ಹಣ ಬೀಳುತ್ತದೆ. ರೈತರು ಕೇಳಿದ್ದು ಆ ಖರ್ಚು ಬಿಟ್ಟು ಕೈಗೆ ಬರುವ 3,500. ಜೊತೆಗೆ ಆ 355 ರೂಪಾಯಿ ಶೇ 10.25ರ ಇಳುವರಿಗೆ ಮಾತ್ರ. ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಎಂಬ ಲೆಕ್ಕಕ್ಕೆ ಇಳುವರಿ ಎನ್ನುತ್ತಾರೆ. ಅದು 0.1 ಹೆಚ್ಚಾದರೆ ಕ್ವಿಂಟಲ್‌ಗೆ 3.46 ರೂಪಾಯಿ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಶೇ 9.5ಕ್ಕಿಂತ ಕೆಳಗಿದ್ದರೆ 329.05ಕ್ಕೆ ನಿಲ್ಲುತ್ತದೆ. ಇಳುವರಿಯನ್ನು ಅಳೆಯುವುದು ಕಾರ್ಖಾನೆಯ ಪ್ರಯೋಗಾಲಯ, ಕಬ್ಬನ್ನು ತೂಗುವುದೂ ಕಾರ್ಖಾನೆಯ ಕಾಟಾ. ಮಾರುವವನ ಸರಕಿಗೆ ಕೊಳ್ಳುವವನೇ ತೂಕ ಹಾಕಿ, ಕೊಳ್ಳುವವನೇ ಗುಣಮಟ್ಟ ಹೇಳುವ ವ್ಯವಹಾರ ಇದು. ರೈತರ ಅನುಮಾನದ ಬೇರು ಇರುವುದು ಇಲ್ಲಿ.

ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 3,300 ರೂಪಾಯಿ ಎಂದು ಘೋಷಿಸಿದರು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಆ ಅಂಕಿ ದಪ್ಪಕ್ಷರದಲ್ಲಿ ಬಂತು. ಅದಕ್ಕೆ ಇಳುವರಿಯ ಷರತ್ತು ಅಂಟಿಕೊಂಡಿದೆ ಎಂಬ ಸಾಲು ಕೆಲವು ಕಡೆ ಕೊನೆಗೆ ಬಂತು, ಕೆಲವು ಕಡೆ ಬರಲೇ ಇಲ್ಲ. ಆ ಷರತ್ತನ್ನು ಒಪ್ಪದೆ ಮುಧೋಳದ ಕಡೆ ರೈತರು ಹೋರಾಟ ಮುಂದುವರಿಸಿದಾಗ, ‘3,300 ಕೊಟ್ಟರೂ ಇವರಿಗೆ ಸಮಾಧಾನವಿಲ್ಲ’ ಎಂದು ಓದುಗರು ಅಂದುಕೊಂಡರು. ಒಂದು ಸಾಲು ಬಿಟ್ಟದ್ದರಿಂದ ರೈತ ದುರಾಸೆಯವನಾಗಿ ಕಂಡ. ಇದನ್ನು ಯಾರೂ ದುಡ್ಡು ತೆಗೆದುಕೊಂಡು ಮಾಡಿದ್ದಲ್ಲ. ಅವಸರ ಇತ್ತು, ಜಾಗ ಕಡಿಮೆ ಇತ್ತು. ಆದರೂ ಗುರ್ಲಾಪುರಕ್ಕೆ ಹೋದ ವರದಿಗಾರ ತೂಕದ ಚೀಟಿಯನ್ನು, ಬಿಲ್ಲಿನಲ್ಲಿ ಕಟಾವು-ಸಾಗಾಣಿಕೆಗೆ ಮುರಿದ ಮೊತ್ತವನ್ನು ಒಬ್ಬ ರೈತನ ಕೈಯಲ್ಲಿ ನೋಡಿ ಬರೆದಿದ್ದರೆ ಓದುಗನಿಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯುತ್ತಿತ್ತು.

ನವೆಂಬರ್ 13ರಂದು ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯ ಬಳಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಹೊತ್ತಿ ಉರಿದವು. ಆ ರಾತ್ರಿ ನಮ್ಮ ಡೆಸ್ಕಿನಲ್ಲಿ ಒಂದೇ ಒಂದು ಕ್ರಿಯಾಪದಕ್ಕಾಗಿ ಹತ್ತು ನಿಮಿಷ ಮಾತಾಯಿತು. ‘ರೈತರು ಬೆಂಕಿ ಹಚ್ಚಿದರು’ ಎಂದು ಕಂಪ್ಯೂಟರಿನಲ್ಲಿ ಟೈಪ್ ಆಗಿತ್ತು. ಹಚ್ಚಿದ್ದನ್ನು ನೋಡಿದವರು ಯಾರು ಎಂದು ಕೇಳಿದೆ. ನಮ್ಮ ಹುಡುಗ ಸ್ಥಳದಲ್ಲಿದ್ದ, ಉರಿಯುವುದನ್ನು ನೋಡಿದ್ದ, ಹಚ್ಚುವುದನ್ನು ನೋಡಿರಲಿಲ್ಲ. ತನಿಖೆಗೆ ಮೊದಲೇ ಯಾರ ಕೈಗೂ ಕಡ್ಡಿಪೆಟ್ಟಿಗೆ ಕೊಡುವ ಅಧಿಕಾರ ನಮಗಿಲ್ಲ ಎಂದೆ. ‘ಬೆಂಕಿ ಬಿದ್ದಿತು’ ಎಂದು ಬದಲಾಯಿತು. ಇಂಥ ಬದಲಾವಣೆ ಓದುಗರ ಕಣ್ಣಿಗೆ ಬೀಳುವುದಿಲ್ಲ. ಆದರೆ ಪ್ರಕರಣ ದಾಖಲಾದ ಹಳ್ಳಿಯಲ್ಲಿ ಆ ಒಂದು ಪದದ ತೂಕ ಏನೆಂದು ಅಲ್ಲಿನವರಿಗೆ ಗೊತ್ತು.

ಇಷ್ಟು ಹೇಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆ: ಕಾಟಾದ ಬಗ್ಗೆ, ಇಳುವರಿಯ ಬಗ್ಗೆ ವರ್ಷವಿಡೀ ಆಳವಾದ ವರದಿ ಯಾಕೆ ಬರುವುದಿಲ್ಲ? ಹೋರಾಟ ಎದ್ದಾಗ ಮಾತ್ರ ಯಾಕೆ? ಈ ಭಾಗದ ಹಲವು ಕಾರ್ಖಾನೆಗಳು ಒಂದಲ್ಲ ಒಂದು ಪಕ್ಷದ ನಾಯಕರ ಕುಟುಂಬದ ಹಿಡಿತದಲ್ಲಿವೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಕಾರ್ಖಾನೆಯ ಜಾಹೀರಾತು, ನಾಯಕರ ಹುಟ್ಟುಹಬ್ಬದ ಜಾಹೀರಾತು, ಅವರದೇ ಸಹಕಾರಿ ಬ್ಯಾಂಕು, ಶಿಕ್ಷಣ ಸಂಸ್ಥೆಗಳ ಜಾಹೀರಾತು, ಎಲ್ಲವೂ ಒಂದೇ ಮನೆಯಿಂದ ಬರಬೇಕು. ಅದನ್ನು ತರಬೇಕಾದವನು ತಾಲ್ಲೂಕು ವರದಿಗಾರ. ಅವನಿಗೆ ಪತ್ರಿಕೆಯಿಂದ ಸಿಗುವ ಗೌರವಧನ ಎಷ್ಟೋ ಕಡೆ ಬೈಕಿನ ಪೆಟ್ರೋಲಿಗೆ ಸಾಲದು. ಜಾಹೀರಾತಿನ ಕಮಿಷನ್ನೇ ಅವನ ಮನೆ ನಡೆಸುತ್ತದೆ. ಕಾಟಾದ ಬಗ್ಗೆ ಬರೆದರೆ ಯಾರೂ ಅವನಿಗೆ ಬೆದರಿಕೆ ಹಾಕಬೇಕಾಗಿಲ್ಲ, ಮುಂದಿನ ಪುರವಣಿಗೆ ‘ಈ ಸಲ ಬಜೆಟ್ ಇಲ್ಲರೀ’ ಎಂದರೆ ಸಾಕು. ಪತ್ರಿಕೆಯ ಜಾಹೀರಾತು ವಿಭಾಗದವರು ಕಾರಣ ಕೇಳುತ್ತಾರೆ. ಮುಂದಿನ ವರ್ಷ ಆ ತಾಲ್ಲೂಕಿಗೆ ಬೇರೆ ಹುಡುಗ ಬರುತ್ತಾನೆ.

ವೇತನದ ಕಾನೂನು ಇಲ್ಲವೇ ಎಂದರೆ ಇತ್ತು. ಶ್ರಮಜೀವಿ ಪತ್ರಕರ್ತರ ಕಾಯ್ದೆ 1955ರದು. ಅದರಡಿ ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರ ನವೆಂಬರ್‌ನಲ್ಲಿ ಅಧಿಸೂಚನೆಯಾಯಿತು, 2014ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅರೆಕಾಲಿಕರ ಪ್ರಸ್ತಾಪವೂ ಅದರಲ್ಲಿತ್ತು. ಆದರೆ ನೇಮಕಾತಿ ಪತ್ರವೇ ಇಲ್ಲದವನು ಯಾವ ಕಚೇರಿಗೆ ಹೋಗಿ ತಾನು ನೌಕರನೆಂದು ತೋರಿಸಬೇಕು? ತಾಲ್ಲೂಕಿನ ಹುಡುಗರ ಕೈಯಲ್ಲಿ ಇರುವುದು ಒಂದು ಗುರುತಿನ ಚೀಟಿ, ಅದಕ್ಕೂ ಪ್ರತಿ ವರ್ಷ ನವೀಕರಣ. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1955ರ ಕಾಯ್ದೆಯೂ ಅವುಗಳಲ್ಲಿ ಸೇರಿಹೋಯಿತು.

ಹಳಬರನ್ನು ನೆನೆಯುವಾಗ ಈ ಹಣದ ಮಾತನ್ನು ನಾವು ಮರೆಯುತ್ತೇವೆ. ವಿಜಯಪುರದ ‘ಕರ್ನಾಟಕ ವೈಭವ’ದಲ್ಲಿ ದುಡಿದು ಮುಂದೆ ‘ಸಂಯುಕ್ತ ಕರ್ನಾಟಕ’ವನ್ನು ಕಟ್ಟಿದ ಮೊಹರೆ ಹಣಮಂತರಾಯರ ಹೆಸರಿನಲ್ಲಿ ರಾಜ್ಯ ಸರ್ಕಾರ ಪ್ರಶಸ್ತಿ ಕೊಡುತ್ತದೆ. ‘ಸಂಯುಕ್ತ ಕರ್ನಾಟಕ’ ಹುಟ್ಟಿದ್ದು ಬೆಳಗಾವಿಯಲ್ಲಿ, ಆಮೇಲೆ ಹುಬ್ಬಳ್ಳಿಗೆ ಹೋಯಿತು. ಆ ತಲೆಮಾರಿನವರ ತ್ಯಾಗದ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಅವರು ಪತ್ರಿಕೆಯನ್ನು ಒಂದು ಟ್ರಸ್ಟಿನ ಕೈಗೆ ಇಟ್ಟರು ಎಂಬುದನ್ನು ಅಷ್ಟು ಮಾತಾಡುವುದಿಲ್ಲ. ಲೋಕಶಿಕ್ಷಣ ಟ್ರಸ್ಟ್ ಎಂಬ ಹೆಸರಿನಲ್ಲೇ ಅವರ ಉದ್ದೇಶ ಇದೆ. ಪತ್ರಿಕೆ ಯಾರ ಸೊತ್ತಾಗಿರಬೇಕು ಎಂದು ಅವರು ಯೋಚಿಸಿದ್ದರು. ಬರೆಯುವವನ ನಿಷ್ಠೆಯಷ್ಟೇ ಮುಖ್ಯವಾದ ಪ್ರಶ್ನೆ ಅದು, ಇಂದಿಗೂ.

ಬೆಳಗಾವಿಯಲ್ಲಿ ವರದಿಗಾರನಿಗೆ ಇನ್ನೊಂದು ಪರೀಕ್ಷೆ ಇದೆ, ಬಾಗಲಕೋಟೆ, ವಿಜಯಪುರದವರಿಗೆ ಅದು ಅಷ್ಟಾಗಿ ಇಲ್ಲ. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ ಪತ್ರಿಕೆ, ಮರಾಠಿ ಪತ್ರಿಕೆ ಎರಡೂ ಬೀಳುತ್ತವೆ. ಮರಾಠಿಯ ‘ತರುಣ ಭಾರತ’ 1919ರಿಂದ ಇಲ್ಲಿದೆ. ಒಂದೇ ಘಟನೆಯನ್ನು ಎರಡು ಭಾಷೆಯಲ್ಲಿ ಓದಿದರೆ ಎರಡು ಊರಿನ ಸುದ್ದಿ ಓದಿದ ಹಾಗಾಗುತ್ತದೆ ಎಂದು ಎರಡೂ ಬಲ್ಲ ಹಿರಿಯರು ಹೇಳುತ್ತಾರೆ. ಬೆಳಗಾವಿ ಯಾವ ರಾಜ್ಯದ್ದು ಎಂಬ ಗಡಿ ವಿವಾದದ ಬಗ್ಗೆ ಮಹಾಜನ ಆಯೋಗದ ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಜಗಳ ಹಳೆಯದು, ಆದರೆ ಬೆಂಕಿ ಪ್ರತಿ ಸಲ ಹೊಸದಾಗಿ ಹೊತ್ತುತ್ತದೆ.

2025ರ ಫೆಬ್ರುವರಿ 21ರಂದು ಬೆಳಗಾವಿ ತಾಲ್ಲೂಕಿನ ಬಸ್ಸೊಂದರಲ್ಲಿ ಟಿಕೆಟ್ ಕೇಳುವಾಗ ಮರಾಠಿ ಬರುವುದಿಲ್ಲ, ಕನ್ನಡದಲ್ಲಿ ಮಾತಾಡಿ ಎಂದದ್ದಕ್ಕೆ ಹಲ್ಲೆ ಮಾಡಿದರು ಎಂದು ನಿರ್ವಾಹಕರು ದೂರು ಕೊಟ್ಟರು. ಬೆನ್ನಲ್ಲೇ ಒಬ್ಬ ಬಾಲಕಿಯ ಕಡೆಯಿಂದ ಅವರ ಮೇಲೆಯೇ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ) ದೂರು ದಾಖಲಾಯಿತು. ಎರಡು ರಾಜ್ಯಗಳ ನಡುವೆ ಬಸ್ ಸಂಚಾರ ನಿಂತಿತು. ಕೆಲವು ದಿನಗಳ ಮೇಲೆ ಬಾಲಕಿಯ ಮನೆಯವರು ದೂರನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಆ ವಾರ ನಮ್ಮ ಮುಂದೆ ಎರಡು ಆಸೆಗಳಿದ್ದವು. ಒಂದು, ಪೋಕ್ಸೊ ದೂರು ಸುಳ್ಳೆಂದು ನಾವೇ ತೀರ್ಪು ಕೊಟ್ಟುಬಿಡುವ ಆಸೆ. ಕನ್ನಡ ಓದುಗರಿಗೆ ಅದೇ ಬೇಕಿತ್ತು, ನಮ್ಮ ಮನಸ್ಸಿಗೂ ಬೇಕಿತ್ತು. ಇನ್ನೊಂದು, ಬಾಲಕಿಯ ಮನೆಯವರ ವಿಡಿಯೊ ಹಾಕುವ ಆಸೆ. ಊರೆಲ್ಲ ನೋಡಿದ ವಿಡಿಯೊ ತಾನೇ, ನಾವು ಹಾಕಿದರೇನು ಎಂಬ ವಾದ ಡೆಸ್ಕಿನಲ್ಲಿ ಎದ್ದಿತು. ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ದೂರು ನಿಜವೋ ಸುಳ್ಳೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಬರೆದವನ ಜೊತೆ ಪ್ರಕಾಶಕನೂ ಹೊಣೆ. ಅಪ್ಪ ಅಮ್ಮನ ಮುಖ ಕಂಡರೆ ಮಗುವಿನ ಮುಖ ಕಂಡಂತೆಯೇ.

ಕಾನೂನು ಇಷ್ಟು ಸ್ಪಷ್ಟವಾಗಿ ಇಲ್ಲದ ಕಡೆ ಏನು ಮಾಡುವುದು? 2023ರ ಡಿಸೆಂಬರ್‌ನಲ್ಲಿ, ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ, ಬೆಳಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬ ಹೆಣ್ಣುಮಗಳನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಊರಿನ ಹೆಸರು ಎಲ್ಲರಿಗೂ ಗೊತ್ತಿದೆ, ನಾನು ಬರೆಯುವುದಿಲ್ಲ. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಸ್ಪತ್ರೆಯ ಮುಂದೆ ನಾಯಕರ ಸಾಲು, ಅವರ ಹಿಂದೆ ಕ್ಯಾಮೆರಾಗಳ ಸಾಲು ಬೆಳೆದಾಗ, ಆಕೆಯ ಭೇಟಿಗೆ ನಿರ್ಬಂಧ ಹಾಕಬೇಕಾಯಿತು. ನ್ಯಾಯಾಲಯ ಹೇಳುವ ಮುಂಚೆ ನಮಗೇ ಹೊಳೆಯಬೇಕಿತ್ತು. ಸಂತ್ರಸ್ತೆಯ ಗುರುತು ಮುಚ್ಚಿಡಬೇಕೆಂಬ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ (ಹಿಂದೆ ಐಪಿಸಿ 228-ಎ) ಅತ್ಯಾಚಾರದಂಥ ಪ್ರಕರಣಗಳಿಗೆ ಸಂಬಂಧಿಸಿದ್ದು. ಈ ಪ್ರಕರಣ ಆ ಕಲಮಿನ ಅಕ್ಷರದೊಳಗೆ ಬರುವುದಿಲ್ಲ ಎಂದು ಒಬ್ಬ ಗೆಳೆಯ ವಾದಿಸಿದ. ಅಕ್ಷರ ಅವನ ಕಡೆಗೇ ಇತ್ತು. ಆದರೆ ಆ ತಾಯಿ ನಾಳೆ ಸಂತೆಗೆ ಹೋಗಬೇಕು, ಹಿಟ್ಟಿನ ಗಿರಣಿಗೆ ಹೋಗಬೇಕು. ಅಲ್ಲಿ ಅವಳನ್ನು ನೋಡುವ ಕಣ್ಣುಗಳನ್ನು ಹೆಚ್ಚು ಮಾಡುವ ಯಾವ ಸಾಲೂ ನಮ್ಮಿಂದ ಹೋಗಬಾರದು.

ಪತ್ರಿಕೆಗಳಿಗೆ ನೀತಿ ಹೇಳುವ ಸಂಸ್ಥೆ ಭಾರತೀಯ ಪತ್ರಿಕಾ ಮಂಡಳಿ. 1966ರಲ್ಲಿ ಶುರುವಾಗಿ, ಈಗ 1978ರ ಕಾಯ್ದೆಯಡಿ ನಡೆಯುತ್ತಿದೆ. ಮಂಡಳಿಯ ನೀತಿಸೂತ್ರಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ, ಒಳ್ಳೆಯವು. ಪ್ರಕಟಣೆಗೆ ಮೊದಲು ಪರಿಶೀಲಿಸಿ, ಎದುರಿನವನ ಮಾತು ಕೇಳಿ, ತಪ್ಪಾದರೆ ತಡಮಾಡದೆ, ಎದ್ದು ಕಾಣುವಂತೆ ತಿದ್ದಿ. ಆದರೆ ಮಂಡಳಿಗೆ ಇರುವುದು ಎಚ್ಚರಿಸುವ, ಛೀಮಾರಿ ಹಾಕುವ ಅಧಿಕಾರ ಮಾತ್ರ. ದಂಡ ಹಾಕುವಂತಿಲ್ಲ. ಟಿವಿ ವಾಹಿನಿಗಳು ಅದರ ವ್ಯಾಪ್ತಿಯಲ್ಲಿಲ್ಲ. ಬೈಕಿಗೆ ಪ್ರೆಸ್ ಎಂದು ಬರೆಸಿಕೊಂಡು, ಮೈಕಿಗೆ ಒಂದು ಲೋಗೊ ಅಂಟಿಸಿಕೊಂಡು ಗ್ರಾಮ ಪಂಚಾಯಿತಿ ಪಿಡಿಒಗಳನ್ನು, ಮರಳಿನ ಲಾರಿಯವರನ್ನು ಹೆದರಿಸಿ ದುಡ್ಡು ಕೇಳುವವರಿಗೂ ಅದಕ್ಕೂ ಸಂಬಂಧವಿಲ್ಲ, ಅವರದು ಪೊಲೀಸರ ಕೆಲಸ. ಅಂಥವರಿಂದಾಗಿ ನಿಜವಾದ ವರದಿಗಾರ ಕಚೇರಿಗೆ ಹೋದಾಗಲೂ ಗುಮಾಸ್ತ ಡ್ರಾಯರ್ ಕಡೆ ಕೈ ಹಾಕುತ್ತಾನೆ. ಅದಕ್ಕಿಂತ ದೊಡ್ಡ ಅವಮಾನ ನನ್ನ ಮಟ್ಟಿಗೆ ಬೇರೆ ಇಲ್ಲ.

ತಿದ್ದುಪಡಿಯ ಮಾತು ಬಂತಲ್ಲ, ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನು ಜಮಖಂಡಿಯಲ್ಲಿದ್ದ ಮೊದಲ ವರ್ಷಗಳ ಮಾತು. ಸುದ್ದಿಯ ಕವರನ್ನು ಸಂಜೆಯ ಹುಬ್ಬಳ್ಳಿ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದ ಕಾಲ. ಬಸ್ ಬಿಡುವ ಹೊತ್ತಾಗಿತ್ತು. ಒಂದು ಕಳವು ಪ್ರಕರಣದಲ್ಲಿ ಬಂಧನವಾಗಿದೆ ಎಂದು ಠಾಣೆಯಿಂದ ಹೆಸರು, ಊರು ಬರೆದುಕೊಂಡು ಓಡಿದೆ. ತಂದೆಯ ಹೆಸರು, ವಯಸ್ಸು ಬರೆದುಕೊಳ್ಳಲಿಲ್ಲ. ಎರಡು ದಿನದ ಮೇಲೆ ಐವತ್ತರ ಆಸುಪಾಸಿನ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಧೋತರದ ಮಡಿಕೆಯಿಂದ ಪತ್ರಿಕೆ ತೆಗೆದರು. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರಿಂದ ಸುದ್ದಿಯ ಮೇಲೇ ಗೆರೆ ಬಿದ್ದಿತ್ತು. ‘ನನ್ನ ಹೆಸರ ಇದ ಐತ್ರಿ. ಊರೂ ಇದ. ಆದ್ರ ಅಂವಾ ನಾ ಅಲ್ರಿ’ ಎಂದರು. ಅದೇ ಊರಿನಲ್ಲಿ ಅದೇ ಹೆಸರು, ಅದೇ ಅಡ್ಡಹೆಸರಿನವರು ಮೂವರಿದ್ದರು. ಬಂಧಿತನಿಗೆ 22 ವರ್ಷ. ಇವರ ಮಗಳ ಮದುವೆಯ ಮಾತು ನಡೆದಿತ್ತು. ಬೀಗರಾಗಬೇಕಾದವರು ಪತ್ರಿಕೆ ನೋಡಿ ಸುಮ್ಮನಾಗಿದ್ದರು.

ತಿದ್ದುಪಡಿ ಹಾಕಿಸಲು ನಾನು ಮೂರು ಸಲ ಫೋನ್ ಮಾಡಬೇಕಾಯಿತು. ಕೊನೆಗೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಅದನ್ನು ಅವರ ಕೈಗೆ ಕೊಟ್ಟಾಗ ಅವರು ಕೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: ‘ಸುದ್ದಿ ಬಂದಾಗ ಇಷ್ಟ್ ದೊಡ್ಡದಿತ್ರಿ. ಇದನ್ನ ಯಾರ ಓದ್ತಾರ?’ ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಆ ಪತ್ರಿಕೆ ಹಿಡಿದುಕೊಂಡು ಬೀಗರ ಊರಿಗೆ ನಾನೇ ಹೋದೆ, ಕಟ್ಟೆಯ ಮೇಲೆ ಕೂತವರ ಮುಂದೆ ತಪ್ಪು ನನ್ನದು ಎಂದು ಓದಿ ಹೇಳಿದೆ. ಅಂದಿನಿಂದ ನನ್ನ ನೋಟ್‌ಬುಕ್‌ನಲ್ಲಿ ಹೆಸರಿನ ಮುಂದೆ ತಂದೆಯ ಹೆಸರು, ವಯಸ್ಸು, ಓಣಿ ಬರೆಯದೆ ಕವರ್ ಮುಚ್ಚಿಲ್ಲ. ನನ್ನ ಕೈಕೆಳಗೆ ಕಲಿತ ಹುಡುಗರಿಗೆ ಮೊದಲ ದಿನ ಹೇಳುವುದೂ ಇದನ್ನೇ. ‘ಆರೋಪಿ’ ಎಂಬ ಪದವನ್ನು ಎಫ್‌ಐಆರ್ ಕಣ್ಣಾರೆ ನೋಡದೆ ಬರೆಯಬೇಡಿ ಎನ್ನುತ್ತೇನೆ.

ದಾಖಲೆ ನೋಡುವ ಅಭ್ಯಾಸ ಎಷ್ಟು ದೊಡ್ಡ ಕಿಚ್ಚನ್ನು ತಡೆಯಬಲ್ಲದು ಎಂಬುದಕ್ಕೆ ವಿಜಯಪುರದ ಉದಾಹರಣೆ ಹತ್ತಿರದ್ದು. 2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ರೈತರ 1,200 ಎಕರೆ ವಕ್ಫ್ ಪಾಲಾಗುತ್ತಿದೆ ಎಂಬ ಸುದ್ದಿ ರಾಜ್ಯವನ್ನೇ ಅಲ್ಲಾಡಿಸಿತು. ನೋಟಿಸ್ ಬಂದ ರೈತನ ಭಯ ನಿಜವಾದದ್ದು, ಅದನ್ನು ಬರೆಯಲೇಬೇಕಿತ್ತು. ಆದರೆ 1,200 ಎಂಬ ಅಂಕಿ ಎಲ್ಲಿಂದ ಬಂತು? ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ಕೊಟ್ಟ ವಿವರಣೆಯಂತೆ, 1974ರ ಗೆಜೆಟ್‌ನಲ್ಲಿ ವಿಜಯಪುರದ ಮಹಲ್ ಬಾಗಾಯತ್ ಎಂಬ ಹೆಸರಿನ ಪಕ್ಕ ಆವರಣದೊಳಗೆ ತಪ್ಪಾಗಿ ಹೊನವಾಡ ಎಂದು ಸೇರಿತ್ತು, 1977ರಲ್ಲಿ ಅದನ್ನು ಸರಿಪಡಿಸಲಾಗಿತ್ತು, ಹೊನವಾಡದಲ್ಲಿ ವಕ್ಫ್ ಆಸ್ತಿ ಇರುವುದು 11 ಎಕರೆ. ಸಚಿವರ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಗೆಜೆಟ್ ಇದೆ, ರೈತನ ಹೊಲದ ಉತಾರ (ಪಹಣಿ) ಇದೆ, ಉತಾರದ 11ನೇ ಕಾಲಮ್ಮಿನಲ್ಲಿ ಯಾರ ಹೆಸರು ಯಾವಾಗ ಕೂತಿದೆ ಎಂದು ತಲಾಠಿಯ (ಗ್ರಾಮ ಲೆಕ್ಕಿಗನ) ಹತ್ತಿರವೇ ನೋಡಬಹುದು. ಆ ಕೆಲಸ ಮಾಡಿದ ವರದಿಗಾರರು ನಮ್ಮಲ್ಲಿ ಇದ್ದರು. ಅವರ ವರದಿ ಎರಡು ದಿನ ತಡವಾಗಿ ಬಂತು, ಅಷ್ಟರಲ್ಲಿ 1,200 ಎಕರೆಯ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿ ಮುಗಿದಿತ್ತು. ಆದರೂ ಆ ತಡವಾದ ವರದಿಯನ್ನೇ ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಕವರ್ ಸಂಸ್ಕೃತಿಯ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ, ಎಲ್ಲರಿಗೂ ಗೊತ್ತಿರುವುದೇ. 2022ರ ದೀಪಾವಳಿಗೆ ಅಂದಿನ ಮುಖ್ಯಮಂತ್ರಿಗಳ ಕಚೇರಿಯಿಂದ ಬೆಂಗಳೂರಿನ ಕೆಲವು ವರದಿಗಾರರಿಗೆ ಸಿಹಿಯ ಡಬ್ಬಿಯೊಳಗೆ ಹಣ ಹೋಗಿತ್ತು ಎಂಬ ಆರೋಪ ಬಂತು, ಮುಖ್ಯಮಂತ್ರಿ ನಿರಾಕರಿಸಿದರು. ಹಣವನ್ನು ವಾಪಸು ಕಳಿಸಿದ ವರದಿಗಾರರು ಇದ್ದರು ಎಂಬುದೇ ಆ ಸುದ್ದಿ ಹೊರಬರಲು ಕಾರಣ. ಚುನಾವಣೆಯ ಕಾಲದ ಕಾಸಿಗಾಗಿ ಸುದ್ದಿ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದರಲ್ಲಿ ವರದಿಗಾರ ಕೇವಲ ಕೊರಿಯರ್. ದರ ಮಾತಾಡುವುದು ಮೇಲಿನವರು. ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲೇ ಇದನ್ನು ಹೆಸರು ಹಿಡಿದು ಬರೆದಿತ್ತು. ಈಗ ಪ್ರತಿ ಜಿಲ್ಲೆಯಲ್ಲೂ ಚುನಾವಣೆ ವೇಳೆ ಎಂಸಿಎಂಸಿ ಎಂಬ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ ಕೂರುತ್ತದೆ, ಕಾಸಿನ ಸುದ್ದಿ ಎಂದು ಕಂಡದ್ದನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತದೆ. ವಿಧಾನಸಭೆಗೆ ಆ ಖರ್ಚಿನ ಮಿತಿ 40 ಲಕ್ಷ. ಪತ್ರಿಕೆಗೆ ಏನು ಶಿಕ್ಷೆ ಎಂದರೆ ಮತ್ತೆ ಆ ಮಂಡಳಿಯ ಛೀಮಾರಿಯೇ.

ಇನ್ನು ಭಯದ ಮಾತು. 2025ರ ಜನವರಿ 3ರಂದು ‘ಬಿಜಾಪುರದಲ್ಲಿ ಪತ್ರಕರ್ತನ ಶವ ಪತ್ತೆ’ ಎಂಬ ಸಾಲು ಮೊಬೈಲಿನಲ್ಲಿ ಮಿಂಚಿದಾಗ ನನ್ನ ಎದೆ ಒಂದು ಕ್ಷಣ ನಿಂತೇ ಹೋಯಿತು. ನಮ್ಮ ವಿಜಯಪುರವನ್ನು ಇನ್ನೂ ಬಿಜಾಪುರ ಎಂದೇ ಕರೆಯುವ ನಾಲಗೆ ನಮ್ಮದು. ಅದು ಛತ್ತೀಸಗಡದ ಬಿಜಾಪುರ. ಬಸ್ತರ್‌ನ ಮುಕೇಶ್ ಚಂದ್ರಾಕರ್, ರಸ್ತೆ ಕಾಮಗಾರಿಯ ಅಕ್ರಮದ ವರದಿಯ ನಂತರ ಕಾಣೆಯಾಗಿ, ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕಿನಲ್ಲಿ ಶವವಾಗಿ ಸಿಕ್ಕರು. ನಮ್ಮ ಜಿಲ್ಲೆಗಳಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ ಎಂದು ಹೇಳಬಲ್ಲೆ. ಆದರೆ ರಸ್ತೆ, ಗುತ್ತಿಗೆದಾರ, ಒಂಟಿ ವರದಿಗಾರ, ಈ ಮೂರೂ ನಮ್ಮಲ್ಲಿ ಇವೆ.

ಇಲ್ಲಿ ಹೆಚ್ಚು ಬಳಕೆಯಾಗುವ ಅಸ್ತ್ರ ಕೋರ್ಟು. ಮಾನನಷ್ಟ ಇನ್ನೂ ಕ್ರಿಮಿನಲ್ ಅಪರಾಧವೇ. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, ಈಗ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದವರೆಗೆ ಸಾದಾ ಶಿಕ್ಷೆ. ಶಿಕ್ಷೆಯಾಗುವುದು ಅಪರೂಪ, ಅಲೆದಾಟವೇ ಶಿಕ್ಷೆ. ಸಂಪಾದಕರಿಗೆ ವಕೀಲರಿರುತ್ತಾರೆ, ತಾಲ್ಲೂಕಿನ ಹುಡುಗ ತನ್ನ ಬೈಕಿನಲ್ಲಿ, ತನ್ನ ಪೆಟ್ರೋಲಿನಲ್ಲಿ ವಾಯಿದೆಗೆ ಹೋಗಬೇಕು. ಇದರ ಜೊತೆಗೆ ಮಾಹಿತಿ ಹಕ್ಕಿನ ಬಾಗಿಲೂ ಕಿರಿದಾಗಿದೆ. 2005ರ ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತವಿದ್ದರೆ ಕೊಡಬೇಕೆಂದು 8(1)(ಜೆ) ಕಲಮಿನೊಳಗೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಲಮನ್ನು ಬದಲಿಸಿತು, 2025ರ ನವೆಂಬರ್‌ನಲ್ಲಿ ನಿಯಮಗಳೊಂದಿಗೆ ಅದು ಜಾರಿಗೂ ಬಂತು. 8(2)ರ ಸಾಮಾನ್ಯ ಸಾರ್ವಜನಿಕ ಹಿತದ ಅವಕಾಶ ಉಳಿದಿದೆ, ಆದರೆ ತಾಲ್ಲೂಕು ಕಚೇರಿಯ ಮಾಹಿತಿ ಅಧಿಕಾರಿಗೆ ‘ವೈಯಕ್ತಿಕ’ ಎಂದು ಬರೆದು ಅರ್ಜಿ ವಾಪಸು ಕಳಿಸುವುದು ಈಗ ಸುಲಭ. ಆಲಮಟ್ಟಿ ಅಣೆಕಟ್ಟೆಯನ್ನು 519.60 ಮೀಟರ್‌ನಿಂದ 524.256ಕ್ಕೆ ಎತ್ತರಿಸುವ ಯೋಜನೆಗೆ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಪರಿಹಾರ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಹಣ ಬಾಗಲಕೋಟೆ, ವಿಜಯಪುರದ ಯಾರ ಖಾತೆಗೆ, ಯಾವ ಸರ್ವೆ ನಂಬರಿಗೆ, ಒಣಭೂಮಿ ಯಾವಾಗ ನೀರಾವರಿಯಾಯಿತು ಎಂದು ಕೇಳುವ ವರದಿಗಾರನಿಗೆ ಫಲಾನುಭವಿಗಳ ಪಟ್ಟಿ ಬೇಕು. ಹಳೆಯ ಬಾಗಲಕೋಟೆ ಮುಳುಗಿದಾಗ ಪುನರ್ವಸತಿಯಲ್ಲಿ ಯಾರು ಏನು ಪಡೆದರು ಎಂಬ ಮಾತು ನವನಗರದ ಚಹಾ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ. ಈ ಸಲವಾದರೂ ಕಾಗದ ಸಿಗಬೇಕು.

ಏನು ಮಾಡಬಹುದು ಎಂದು ಕೇಳಿದರೆ ನನ್ನ ಉತ್ತರ ದೊಡ್ಡದೇನಲ್ಲ. ಜಾಹೀರಾತು ತರುವ ಕೆಲಸವನ್ನು ವರದಿಗಾರನಿಂದ ತೆಗೆದು ಬೇರೆಯವರಿಗೆ ಕೊಡಬೇಕು. ಪತ್ರಿಕೆಗೆ ಖರ್ಚು ಹೆಚ್ಚುತ್ತದೆ, ಒಪ್ಪುತ್ತೇನೆ. ಅರೆಕಾಲಿಕನಿಗೂ ಸಹಿ ಇರುವ ನೇಮಕಾತಿ ಪತ್ರ ಬೇಕು. ಪತ್ರಿಕೆಗಾಗಿ ಬರೆದದ್ದಕ್ಕೆ ಕೇಸು ಬಿದ್ದರೆ ವಕೀಲರ ಫೀಸು ಪತ್ರಿಕೆಯದು ಎಂದು ಅದರಲ್ಲಿ ಬರೆದಿರಬೇಕು. ತಿದ್ದುಪಡಿಗೆ ಒಂದು ಖಾಯಂ ಜಾಗ ಬೇಕು, ಅದು ತಪ್ಪು ಬಂದ ಪುಟದಲ್ಲೇ ಇರಬೇಕು. ಇವುಗಳಲ್ಲಿ ಕೊನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ, ನಾಳೆಯೇ ಶುರು ಮಾಡಬಹುದು.

ಕಳೆದ ಹಂಗಾಮಿನಲ್ಲಿ ಒಬ್ಬ ಹುಡುಗ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು. ಒಬ್ಬ ರೈತ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಖಾಸಗಿ ಕಾಟಾದಲ್ಲಿ ಟ್ರ್ಯಾಕ್ಟರ್ ತೂಗಿಸಿದ್ದ, ಕಾರ್ಖಾನೆಯ ಚೀಟಿಯಲ್ಲಿ ತೂಕ ಕಡಿಮೆ ಬಂದಿತ್ತು. ಎರಡೂ ಚೀಟಿ ಹುಡುಗನ ಕೈಯಲ್ಲಿದ್ದವು. ‘ಅಣ್ಣಾರ, ಸುದ್ದಿ ಐತ್ರಿ. ಆದ್ರ ಜಾಹೀರಾತೂ ಅವರದ ಐತ್ರಿ’ ಎಂದ. ಖಾಸಗಿ ಕಾಟಾಕ್ಕೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಈ ವರ್ಷದ್ದೇ ಇದೆಯೇ ನೋಡು, ಒಂದೇ ಟ್ರ್ಯಾಕ್ಟರ್ ಸಾಲದು, ಇನ್ನೂ ನಾಲ್ಕು ರೈತರನ್ನು ಹುಡುಕು, ಆಮೇಲೆ ಕಾರ್ಖಾನೆಯವರ ಮಾತು ಕೇಳಿ ಬರೆದುಕೋ ಎಂದೆ. ಒಂಬತ್ತು ದಿನ ತೆಗೆದುಕೊಂಡ. ಐದರಲ್ಲಿ ಎರಡು ಟ್ರ್ಯಾಕ್ಟರ್‌ಗಳ ತೂಕ ಸರಿಯಾಗಿಯೇ ಇತ್ತು, ಮೂರರಲ್ಲಿ ವ್ಯತ್ಯಾಸವಿತ್ತು. ಐದನ್ನೂ ಬರೆದ, ಸರಿಯಿದ್ದ ಎರಡನ್ನು ಮುಚ್ಚಿಡಲಿಲ್ಲ. ಕಾರ್ಖಾನೆಯ ಉತ್ತರವನ್ನೂ ಪೂರ್ತಿ ಹಾಕಿದ.

ವರದಿ ಬಂತು. ಜನವರಿ 26ರ ಪುರವಣಿಗೆ ಆ ಕಾರ್ಖಾನೆಯ ಜಾಹೀರಾತು ಬರಲಿಲ್ಲ. ಅವನ ಪಟ್ಟಿಯಲ್ಲಿ ಆ ಸಾಲು ಖಾಲಿ ಉಳಿಯಿತು. ಖಾಲಿ ಯಾಕೆ ಎಂದು ಕೇಳಿ ಜಾಹೀರಾತು ವಿಭಾಗದಿಂದ ಬಂದ ಫೋನನ್ನು ಆ ದಿನ ನಾನೇ ಎತ್ತಿದೆ.